ಕೆಲಸ, ಮನೆ, ಸಭೆಯ ನಡುವೆ ಸೃಜನಶೀಲತೆಗೆ ಜಾಗ ಮಾಡಿಕೊಳ್ಳುವುದು ಹೇಗೆ? – ಅನುಭವ ಹಂಚಿಕೆ

ಕೇಳಿದವರು

ಎಲ್ಲರಿಗೂ ಕರ್ತನ ನಾಮದಲ್ಲಿ ವಂದನೆಗಳು. ಶಾಲಾ ದಿನಗಳಲ್ಲಿ ಚಿತ್ರ ಬಿಡಿಸುವುದು, ಪದ್ಯ ಬರೆಯುವುದು ಅಭ್ಯಾಸವಿತ್ತು. ಈಗ ಕೆಲಸ, ಮಕ್ಕಳು, ವಯಸ್ಸಾದ ತಂದೆತಾಯಿ, ಸಭೆಯ ಜವಾಬ್ದಾರಿ ಎಲ್ಲ ಸೇರಿ ದಿನಕ್ಕೆ 20 ನಿಮಿಷ ಉಳಿದರೆ ಹೆಚ್ಚು. ಆ 20 ನಿಮಿಷದಲ್ಲಿ ಬಣ್ಣ ಹಿಡಿದು ಕೂತರೆ ‘ಇದನ್ನೇ ಪ್ರಾರ್ಥನೆಗೆ ಕೊಡಬಹುದಿತ್ತಲ್ಲ’ ಎಂದು ಮನಸ್ಸು ಚುಚ್ಚುತ್ತದೆ. ಶುರು ಮಾಡಿದ್ದು ಮುಗಿಯುವುದೂ ಇಲ್ಲ. ವಿಶ್ವಾಸಿಗಳಾಗಿ ಇದನ್ನು ಹೇಗೆ ನೋಡಬೇಕು, ಎಲ್ಲಿಂದ ಶುರು ಮಾಡಬೇಕು? ಸಾಮಗ್ರಿ, ಸಮಯ, ವಿಧಾನ ಎಲ್ಲವನ್ನೂ ಬಿಡಿಸಿ ಹೇಳಿ.

ಬೈಬಲ್ ಅಧ್ಯಯನ ನಡೆಸುವವರು

ಮೊದಲು ಆ ಚುಚ್ಚುವಿಕೆಗೆ ಉತ್ತರ ಸಿಗಬೇಕು. ಅದಿಲ್ಲದೆ ಎಷ್ಟು ಒಳ್ಳೆಯ ಕುಂಚ ಕೊಂಡರೂ ಕೈ ಓಡುವುದಿಲ್ಲ.

ವಿಮೋಚನಕಾಂಡ 31ನೇ ಅಧ್ಯಾಯವನ್ನು ನಿಧಾನವಾಗಿ ಓದಿ. ದೇವರು ಬೆಚಲೇಲನನ್ನು ಹೆಸರು ಹಿಡಿದು ಕರೆದು, ತನ್ನ ಆತ್ಮದಿಂದ ತುಂಬಿಸುತ್ತಾನೆ. ಚಿನ್ನ, ಬೆಳ್ಳಿ, ತಾಮ್ರದ ಕೆಲಸಕ್ಕೆ, ರತ್ನ ಕೆತ್ತುವುದಕ್ಕೆ, ಮರದ ಕೆತ್ತನೆಗೆ ಬೇಕಾದ ಜಾಣ್ಮೆ ಅವನಿಗೆ ಸಿಗುತ್ತದೆ. ಪವಿತ್ರಾತ್ಮನ ತುಂಬುವಿಕೆಯನ್ನು ನಾವು ಪ್ರಸಂಗಕ್ಕೂ ಪ್ರವಾದನೆಗೂ ಮೀಸಲಿಟ್ಟುಬಿಟ್ಟಿದ್ದೇವೆ. ಇಲ್ಲಿ ಅದು ಕೈಕೆಲಸಕ್ಕೆ ಬಂದಿದೆ. 35ನೇ ಅಧ್ಯಾಯದಲ್ಲಿ ಇನ್ನೊಂದು ಮಾತು ಸೇರುತ್ತದೆ: ಬೇರೆಯವರಿಗೆ ಕಲಿಸುವ ವರವೂ ಅವನಿಗಿತ್ತು. ಅದೇ ಭಾಗದಲ್ಲಿ ನೂಲು ತೆಗೆದು ತಂದ ಸ್ತ್ರೀಯರ ಪ್ರಸ್ತಾಪವಿದೆ. ಅವರ ಹೆಸರುಗಳಿಲ್ಲ, ಕೆಲಸ ಮಾತ್ರ ದಾಖಲಾಗಿದೆ.

31ನೇ ಅಧ್ಯಾಯದಲ್ಲಿ ಬೆಚಲೇಲನ ನೇಮಕದ ಬೆನ್ನಿಗೇ, 12ರಿಂದ 17ನೇ ವಚನದವರೆಗೆ ಸಬ್ಬತ್ತಿನ (ವಾರದ ವಿಶ್ರಾಂತಿ ದಿನದ) ಆಜ್ಞೆ ಬರುತ್ತದೆ. ದೇವರ ಆರಾಧನೆಗೆ ಕಟ್ಟುವ ಗುಡಾರದ ಕೆಲಸಕ್ಕೇ ಬಿಡುವು ಬೇಕಿದ್ದರೆ ನಮ್ಮ ಹವ್ಯಾಸಕ್ಕೂ ಬೇಕು. ಹಾಗೆಂದು ವಾರದಲ್ಲಿ ಒಂದು ದಿನ ಪೆಟ್ಟಿಗೆ ಮುಚ್ಚಿಡಿ. ಮುಂದಿನ ಅಧ್ಯಾಯದಲ್ಲೇ ಜನರು ಕಿವಿಯ ಚಿನ್ನದ ಓಲೆ ಬಿಚ್ಚಿಕೊಟ್ಟು ಪೂಜೆಗೆ ಬಸವನ ವಿಗ್ರಹ ಮಾಡಿಸಿಕೊಳ್ಳುತ್ತಾರೆ. 35:22ರಲ್ಲಿ ಅದೇ ಜನ ಗುಡಾರಕ್ಕೆ ಓಲೆಗಳನ್ನು ತರುತ್ತಾರೆ. ಚಿನ್ನವೂ ಅದೇ ಜಾತಿಯದು, ಕೈಗಳೂ ಅವೇ. ಯಾರಿಗಾಗಿ ಎಂಬಲ್ಲಿ ವ್ಯತ್ಯಾಸ. ಆದ್ದರಿಂದ ಕೂರುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆ ‘ಇದು ಪ್ರಾರ್ಥನೆಯ ಸಮಯವನ್ನು ಕದಿಯುತ್ತಿದೆಯೇ’ ಎಂಬುದಕ್ಕಿಂತ ‘ಇದು ಯಾರ ಮುಂದೆ, ಯಾರಿಗಾಗಿ’ ಎಂಬುದು. ಪ್ರಾರ್ಥನೆಯನ್ನೇ ಬಿಟ್ಟು ಕುಂಚ ಹಿಡಿದರೆ ಅದು ಬೇರೆ ಮಾತು. ಆದರೆ ದಿನದ ಪ್ರಾರ್ಥನೆ ನಡೆಯುತ್ತಿರುವಾಗಲೂ ಚುಚ್ಚುತ್ತಿದ್ದರೆ, ಆ ಅಪರಾಧಭಾವಕ್ಕೆ ವಚನದ ಆಧಾರವಿಲ್ಲ.

ಜರ್ಮನ್ ಸಂಗೀತಕಾರ ಯೋಹಾನ್ ಸೆಬಾಸ್ಟಿಯನ್ ಬಾಖ್ (1685–1750) ತನ್ನ ಹಲವು ಸಭಾಸಂಗೀತದ ಹಸ್ತಪ್ರತಿಗಳ ತಲೆಯಲ್ಲಿ ‘ಯೇಸುವೇ, ಸಹಾಯಮಾಡು’ ಎಂಬರ್ಥದ ಎರಡಕ್ಷರ, ಕೊನೆಯಲ್ಲಿ ‘ದೇವರೊಬ್ಬನಿಗೇ ಮಹಿಮೆ’ ಎಂಬರ್ಥದ ಮೂರಕ್ಷರ ಬರೆಯುತ್ತಿದ್ದ. ಅದನ್ನು ಹಾಗೇ ಎತ್ತಿಕೊಳ್ಳಬಹುದು. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲ್ಲಿನಲ್ಲಿ ಮೊದಲಿಗೊಂದು ಸಾಲು, ಮುಗಿದಾಗ ಒಂದು ಸಾಲು. ಎರಡೂ ಸೇರಿ ಅರ್ಧ ನಿಮಿಷ. ಪ್ರಾರ್ಥನೆಯನ್ನೂ ಕೆಲಸವನ್ನೂ ಎರಡು ಬುಟ್ಟಿಗೆ ಹಾಕುವ ಅಭ್ಯಾಸ ಇದರಿಂದ ಸಡಿಲವಾಗುತ್ತದೆ.

ಸಮಯದ ಬಗ್ಗೆ ಒಬ್ಬರು

20 ನಿಮಿಷ ಕಡಿಮೆಯಲ್ಲ, ಅದು ಹರಿದುಹೋಗದಿದ್ದರೆ. ಹರಿದುಹೋಗುವುದು ಸಾಮಾನ್ಯವಾಗಿ ಹುಡುಕಾಟದಲ್ಲಿ: ಪೆನ್ನು ಎಲ್ಲಿ, ಹಾಳೆ ಎಲ್ಲಿ, ಇವತ್ತು ಏನು ಮಾಡೋಣ. ಎಲ್ಲ ಸಾಮಗ್ರಿಯೂ ಮುಚ್ಚಳವಿರುವ ಒಂದೇ ಡಬ್ಬಿಯಲ್ಲಿರಲಿ. ಡಬ್ಬಿಗೆ ಹಿಡಿಸದ್ದು ಸದ್ಯಕ್ಕೆ ಬೇಡ. ಹೊತ್ತನ್ನು ಗಡಿಯಾರಕ್ಕೆ ಕಟ್ಟಬೇಡಿ, ಈಗಾಗಲೇ ತಪ್ಪದೆ ನಡೆಯುವ ಇನ್ನೊಂದು ಕೆಲಸಕ್ಕೆ ಕಟ್ಟಿ. ಬೆಳಗಿನ ಪ್ರಾರ್ಥನೆ ಮುಗಿದ ಮೇಲೆ, ಅಥವಾ ರಾತ್ರಿ ಪಾತ್ರೆ ತೊಳೆದ ಮೇಲೆ. ಗಡಿಯಾರದ ಹೊತ್ತು ಒಂದು ದಿನ ತಪ್ಪಿದರೆ ಆ ದಿನವೇ ಕೈಬಿಟ್ಟುಹೋಗುತ್ತದೆ. ಕೆಲಸಕ್ಕೆ ಕಟ್ಟಿದ ಹೊತ್ತು ಅರ್ಧ ಗಂಟೆ ಹಿಂದೆಮುಂದೆ ಸರಿದರೂ ಉಳಿಯುತ್ತದೆ.

20ರಲ್ಲಿ ಎರಡು ನಿಮಿಷ ಸುಮ್ಮನೆ ಕೂರಲು, 15 ನಿಮಿಷ ಕೆಲಸಕ್ಕೆ, ಮೂರು ನಿಮಿಷ ಎತ್ತಿಡಲು. ಎತ್ತಿಡುವಾಗ ನಾಳಿನ ಮೊದಲ ಹೆಜ್ಜೆಯನ್ನು ಒಂದು ಚೀಟಿಯಲ್ಲಿ ಬರೆದು ಡಬ್ಬಿಯೊಳಗೆ ಹಾಕಿ: ‘ಮೂರನೇ ಸಾಲಿನ ಅಕ್ಷರ ಅಳತೆ’, ‘ಬಲಗಡೆ ನೆರಳು’ ಎಂಬಷ್ಟು ಚಿಕ್ಕದು. ಕೆಲಸವನ್ನು ನಡುವೆ, ಮುಂದೇನು ಎಂದು ಗೊತ್ತಿರುವಾಗಲೇ ನಿಲ್ಲಿಸಿ. ಒಂದು ಹಂತ ಪೂರ್ತಿ ಮುಗಿಸಿ ಎದ್ದರೆ ಮಾರನೆಯ ದಿನ ಖಾಲಿ ಹಾಳೆಯ ಮುಂದೆ ಕೂರಬೇಕಾಗುತ್ತದೆ. ಬಿಟ್ಟುಬಿಡುವವರು ಹೆಚ್ಚಾಗಿ ಅಲ್ಲೇ ಬಿಡುವುದು.

ವಾರಕ್ಕೆ ನಾಲ್ಕು ದಿನ ಸಾಕು. ಏಳು ದಿನ ಎಂದು ಗುರಿಯಿಟ್ಟರೆ ಒಂದು ತಪ್ಪಿದ ಕೂಡಲೇ ಸೋತಂತೆ ಅನಿಸುತ್ತದೆ. ತಪ್ಪಿದ ದಿನದ ಲೆಕ್ಕ ತೀರಿಸಲು ಮಾರನೆಯ ದಿನ 40 ನಿಮಿಷ ಕೂರಲೂಬೇಡಿ.

ನಾಲ್ಕು ವಾರ ಒಂದೇ ಮಾಧ್ಯಮ ಹಿಡಿಯಿರಿ. ಚಿತ್ರ ಎರಡು ದಿನ, ಕಸೂತಿ ಎರಡು ದಿನ, ಪದ್ಯ ಒಂದು ದಿನ ಎಂದು ಹಂಚಿದರೆ ಎಲ್ಲದರಲ್ಲೂ ಮೊದಲ ದಿನದ ಒರಟುತನವೇ ಉಳಿದು ಬೇಸರ ಬರುತ್ತದೆ.

ಫೋನಿನ ಬಗ್ಗೆ ಒಂದು ಮಾತು. ಇತರರ ಚಿತ್ರ, ಬರಹ ನೋಡುವುದನ್ನು ನಿಮ್ಮ ಕೆಲಸ ಆದ ಮೇಲೆ ಇಟ್ಟುಕೊಳ್ಳಿ. ಮುಂಚೆ ನೋಡಿದರೆ ಕಣ್ಣು ಬೇರೆಯವರ ಮುಗಿದ ಕೆಲಸಕ್ಕೆ ಹೊಂದಿಕೊಂಡಿರುತ್ತದೆ, ಕೈ ಇನ್ನೂ ಮೊದಲ ಗೆರೆಯಲ್ಲಿರುತ್ತದೆ. ಆ ಅಂತರವೇ ಎದೆಗುಂದಿಸುತ್ತದೆ.

ಗಮನಿಸುವ ಪುಸ್ತಕ ಇಡುವವರು

ಯಾವ ಕಲೆಯೂ ಬೇಡ, ಬರೀ ಒಂದು ನೋಟ್‌ಬುಕ್ಕಿನಿಂದ ಶುರು ಮಾಡುವುದಾದರೆ ಹೀಗೆ ಮಾಡಬಹುದು. ಅಂಗೈಯಗಲದ ಪುಸ್ತಕ, ದಿನಕ್ಕೆ ಮೂರು ಸಾಲು: ಕಂಡದ್ದೊಂದು, ಕೇಳಿದ್ದೊಂದು, ಅದಕ್ಕೆ ಕೃತಜ್ಞತೆ ಅಥವಾ ದೂರು ಒಂದು. ದೂರಿಗೂ ಜಾಗವಿರಲಿ, ಕೀರ್ತನೆಗಳ ಪುಸ್ತಕದ ದೊಡ್ಡ ಭಾಗ ಮೊರೆಯೇ.

ಕಂಡದ್ದನ್ನು ಬರೆಯುವಾಗ ಗುಣವಾಚಕಗಳನ್ನು ಬಿಟ್ಟು ಬರೆಯಿರಿ. ‘ಬೆಳಗಿನ ಬೆಳಕು ತುಂಬಾ ಸುಂದರವಾಗಿತ್ತು’ ಎಂದು ಬರೆದರೆ ಒಂದು ತಿಂಗಳ ನಂತರ ಓದಿದಾಗ ಏನೂ ಕಾಣುವುದಿಲ್ಲ. ‘ಲೋಟದ ನೀರಿನಿಂದ ಬೆಳಕು ಗೋಡೆಗೆ ಬಿದ್ದಿದೆ, ಮೇಜು ಅಲುಗಿದರೆ ಅದೂ ಅಲುಗುತ್ತದೆ’ ಎಂದರೆ ಕಾಣುತ್ತದೆ. ಬಣ್ಣ, ಅಂಚು, ಚಲನೆ, ಯಾವುದರ ಪಕ್ಕ ಯಾವುದು, ಇಷ್ಟರಲ್ಲಿ ಯಾವುದಾದರೂ ಎರಡು ಇದ್ದರೆ ಸಾಲು ನಿಲ್ಲುತ್ತದೆ. ಆದಿಕಾಂಡ 2ರಲ್ಲಿ ಮನುಷ್ಯನಿಗೆ ಪ್ರಾಣಿಗಳನ್ನು ತಂದು ತೋರಿಸಿ, ಅವನು ಏನು ಹೆಸರಿಡುತ್ತಾನೋ ನೋಡೋಣವೆಂದು ದೇವರು ಕಾಯುತ್ತಾನೆ. ಹೆಸರಿಡಲು ಮೊದಲು ಸರಿಯಾಗಿ ನೋಡಿರಬೇಕು. ಅದೇ ಅಧ್ಯಾಯದ 9ನೇ ವಚನದಲ್ಲಿ ಮರಗಳು ನೋಟಕ್ಕೆ ರಮ್ಯವಾಗಿದ್ದವು ಎಂಬುದು ಮೊದಲು ಬರುತ್ತದೆ, ಊಟಕ್ಕೆ ಒಳ್ಳೆಯವು ಎಂಬುದು ಆಮೇಲೆ.

ಈ ಪುಸ್ತಕವೇ ಮುಂದೆ ಚಿತ್ರಕ್ಕೂ ಪದ್ಯಕ್ಕೂ ಕಚ್ಚಾ ಸಾಮಗ್ರಿ. ಭಾನುವಾರ ಒಮ್ಮೆ ಹಿಂದಿರುಗಿ ಓದಿ, ಒಂದು ಸಾಲಿಗೆ ಮಾತ್ರ ಅಡಿಗೆರೆ ಹಾಕಿ.

ಪದ್ಯ ಬರೆಯುವವರು

ಪದ್ಯದ ಅಭ್ಯಾಸವಿತ್ತು ಎಂದಿದ್ದೀರಿ. ಹಾಗಾದರೆ ಕೀರ್ತನೆಯ ಅಚ್ಚಿನಲ್ಲಿ ಬರೆಯುವುದನ್ನು ಶಿಫಾರಸು ಮಾಡುತ್ತೇನೆ. ಸ್ವಲ್ಪ ಉದ್ದವಾಗಿ ಹೇಳುತ್ತೇನೆ, ಏಕೆಂದರೆ ಬಹಳ ಜನ ಇಲ್ಲಿ ‘ಭಾವನೆ ಉಕ್ಕಿದಾಗ ಬರೆಯುತ್ತೇನೆ’ ಎಂದು ಕಾಯುತ್ತಾ ವರ್ಷಗಳನ್ನೇ ಕಳೆಯುತ್ತಾರೆ.

ಕಟ್ಟುಪಾಡು ಇದ್ದಷ್ಟೂ ಆರಂಭ ಸುಲಭ. 119ನೇ ಕೀರ್ತನೆ ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳಿಗೆ ತಲಾ ಎಂಟು ವಚನದಂತೆ 176 ವಚನ. ಪ್ರಲಾಪಗಳ ಪುಸ್ತಕದ 1, 2, 4ನೇ ಅಧ್ಯಾಯಗಳು ಅಕ್ಷರಕ್ಕೊಂದರಂತೆ 22 ವಚನ, 3ನೇ ಅಧ್ಯಾಯ ಅಕ್ಷರಕ್ಕೆ ಮೂರರಂತೆ 66. ಯೆರೂಸಲೇಮ್ ಪಟ್ಟಣವೇ ಸುಟ್ಟುಹೋದ ದುಃಖವನ್ನು ಅಕ್ಷರಕ್ರಮದಲ್ಲಿ ಬರೆದಿದ್ದಾರೆ. ದುಃಖಕ್ಕೆ ಕೊನೆಯಿಲ್ಲ ಎನಿಸುವಾಗ ಅಕ್ಷರಮಾಲೆಗೆ ಒಂದು ಕೊನೆ ಇರುತ್ತದೆ.

ಕನ್ನಡದಲ್ಲಿ ಇದನ್ನು ಸ್ವರಗಳಿಂದ ಮಾಡಿ: ಅ ಆ ಇ ಈ ಉ ಊ ಎ ಏ ಐ ಒ ಓ ಔ, ಒಟ್ಟು 12 ಸಾಲು. ಋ ಬಿಡಬಹುದು. ಸಿಕ್ಕಿಹಾಕಿಕೊಳ್ಳುವುದು ಐ ಮತ್ತು ಔ ಬಳಿ. ‘ಐದು ರೊಟ್ಟಿ’, ‘ಔತಣ’, ‘ಔಷಧ’ ಇವು ಸಹಾಯಕ್ಕೆ ಬರುತ್ತವೆ. ಸ್ವಾರಸ್ಯ ಇಲ್ಲೇ ಇದೆ: ನಿಮ್ಮ ದೂರಿನ ನಡುವೆ ಐದು ರೊಟ್ಟಿ ಬಂದು ನಿಂತಾಗ, ಬರೆಯಬೇಕೆಂದು ಅಂದುಕೊಂಡಿರದ ಸಾಲು ಹುಟ್ಟುತ್ತದೆ. ವ್ಯಂಜನಗಳಿಗೆ ಹೋದರೆ ಙ, ಞ, ಣ, ಳ ಅಕ್ಷರಗಳಿಂದ ಪದ ಶುರುವಾಗುವುದಿಲ್ಲ, ಅವನ್ನು ಬಿಟ್ಟುಬಿಡಿ.

ಮೊರೆಯ ಪದ್ಯಕ್ಕೆ 13ನೇ ಕೀರ್ತನೆ ಒಳ್ಳೆಯ ಅಚ್ಚು, ಆರೇ ವಚನ. ಮೊದಲೆರಡರಲ್ಲಿ ‘ಎಷ್ಟರವರೆಗೆ’ ಎಂದು ನಾಲ್ಕು ಸಲ ಕೇಳುತ್ತದೆ, ನಡುವಿನ ಎರಡರಲ್ಲಿ ಬೇಡಿಕೆ, ಕೊನೆಯ ಎರಡರಲ್ಲಿ ಭರವಸೆ. ನಿಮ್ಮದರಲ್ಲೂ ಹೀಗೇ ಮೂರು ಭಾಗವಿರಲಿ. ಆದರೆ ಭರವಸೆ ಬಾರದಿದ್ದರೆ ಎಳೆದು ತರಬೇಡಿ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತದೆ, ಆದರೂ ಅದು ಶಾಸ್ತ್ರದಲ್ಲಿದೆ.

ಛಂದಸ್ಸು ಬೇಕೆನ್ನುವವರಿಗೆ ಷಟ್ಪದಿಗಳಲ್ಲಿ ಎಲ್ಲಕ್ಕಿಂತ ಚಿಕ್ಕದಾದ ಶರ ಷಟ್ಪದಿ ಸರಿ. 1, 2, 4, 5ನೇ ಸಾಲುಗಳಲ್ಲಿ ನಾಲ್ಕು ಮಾತ್ರೆಯ ಎರಡು ಗಣ, ಅಂದರೆ 8 ಮಾತ್ರೆ. 3 ಮತ್ತು 6ನೇ ಸಾಲಿನಲ್ಲಿ ಅಂಥ ಮೂರು ಗಣ, ಕೊನೆಗೊಂದು ಗುರು: 14 ಮಾತ್ರೆ. (ಲಘು ಎಂದರೆ ಒಂದು ಮಾತ್ರೆಯ ಗಿಡ್ಡ ಅಕ್ಷರ, ಗುರು ಎಂದರೆ ಎರಡು ಮಾತ್ರೆಯದು.) ಆರೂ ಸಾಲಿನ ಎರಡನೇ ಅಕ್ಷರದ ವ್ಯಂಜನ ಒಂದೇ ಇರಬೇಕು, ಅದು ಆದಿಪ್ರಾಸ. ಮಾದರಿಗೆ:

ಕತ್ತಲು ಕವಿಯಿತು
ಸುತ್ತಲು ನೀರವ
ಎತ್ತಲು ಕಾಣೆನು ನಿನ್ನನು ನಾ
ಹೊತ್ತಿಸು ದೀಪವ
ಇತ್ತೆನು ಕೈಯನು
ಹತ್ತಿರ ನಡೆಸೈ ಕರ್ತನೆ ನೀ

ಮೊದಲ ಮೂರು ಸಾಲು ಮೊರೆ, ನಾಲ್ಕನೆಯದು ಬೇಡಿಕೆ, ಐದನೆಯದು ಒಪ್ಪಿಸಿಕೊಡುವುದು, ಆರನೆಯದರಲ್ಲಿ ಬೇಡಿಕೆಯೂ ನಂಬಿಕೆಯೂ ಸೇರಿವೆ. ಈಗ ತಪ್ಪು ಎಲ್ಲಾಗುತ್ತದೆ ನೋಡಿ. ಮೊದಲ ಸಾಲನ್ನು ಆಡುಮಾತಿನಂತೆ ‘ಕತ್ತಲು ಕವಿದಿತ್ತು’ ಎಂದು ಬರೆದರೆ ಕಿವಿಗೆ ಸರಿಯೆನಿಸಬಹುದು. ಎಣಿಸಿ: ಕ-ವಿ ಎರಡು, ‘ದಿ’ ಮುಂದೆ ಒತ್ತಕ್ಷರ ಬಂದದ್ದರಿಂದ ಗುರುವಾಗಿ ಎರಡು, ‘ತ್ತು’ ಒಂದು, ಒಟ್ಟು ಐದು. ಒಂದು ಮಾತ್ರೆ ಹೆಚ್ಚಾಯಿತು. ‘ಕವಿಯಿತು’ ಎಂದರೆ ನಾಲ್ಕೂ ಲಘು, ನಾಲ್ಕೇ ಮಾತ್ರೆ. ಹೊಸಬರ ಲೆಕ್ಕ ತಪ್ಪುವುದು ಬಹುಪಾಲು ಒತ್ತಕ್ಷರದ ಹಿಂದಿನ ಅಕ್ಷರದಲ್ಲೇ. ಅನುಸ್ವಾರವಿರುವ ಅಕ್ಷರವೂ ಗುರು ಎಂಬುದನ್ನು ಮರೆಯಬೇಡಿ.

ಪ್ರಾಸಕ್ಕೆ ಸುಲಭ ದಾರಿ: ಮೊದಲು ಹಾಳೆಯ ಬದಿಯಲ್ಲಿ ಪ್ರಾಸದ ಪದಗಳ ಪಟ್ಟಿ ಮಾಡಿ. ತ್ತ ಎಂದಾದರೆ ಕತ್ತಲು, ಸುತ್ತಲು, ಹತ್ತಿರ, ಹೊತ್ತು, ಮುತ್ತು, ನೆತ್ತರು, ಬಿತ್ತನೆ. ಹತ್ತು ಪದವಾದರೂ ಸಿಗದ ಅಕ್ಷರವನ್ನು ಆರಿಸಿಕೊಳ್ಳಬೇಡಿ. ಒಂದು ಷಟ್ಪದಿಗೆ 15 ನಿಮಿಷದಂತೆ ಮೂರ್ನಾಲ್ಕು ಸಲ ಕೂರಬೇಕಾದರೆ ಅದು ನಿಧಾನವೇನಲ್ಲ.

ಅಕ್ಷರಬರಹ ಕಲಿಸುವವರು

ವಚನಗಳನ್ನು ಚೆಂದವಾಗಿ ಬರೆಯುವುದು ಚಿತ್ರ ಬಿಟ್ಟವರಿಗೆ ಹಿಂದಿರುಗಲು ಒಳ್ಳೆಯ ದಾರಿ. ಏನು ಬರೆಯಬೇಕೆಂಬ ಚಿಂತೆಯಿಲ್ಲ, ಹೇಗೆ ಎಂಬುದಷ್ಟೇ ಉಳಿಯುತ್ತದೆ. ಒಂದು ವಚನವನ್ನು ಹತ್ತು ಸಲ ಬರೆಯುವಷ್ಟರಲ್ಲಿ ಅದು ಬಾಯಿಪಾಠವೂ ಆಗಿರುತ್ತದೆ.

ಬೇಕಾದದ್ದು: 3 ಮಿ.ಮೀ. ಚಪ್ಪಟೆ ಮೊನೆಯ ಕ್ಯಾಲಿಗ್ರಫಿ ಪೆನ್ನು ಅಥವಾ ಮಾರ್ಕರ್, ಸ್ಕೇಲು, ಗಟ್ಟಿ ಪೆನ್ಸಿಲ್, 120 ಜಿಎಸ್‌ಎಂಗಿಂತ ದಪ್ಪದ ನಯವಾದ ಹಾಳೆ. ಮಾಮೂಲಿ 80 ಜಿಎಸ್‌ಎಂ ಜೆರಾಕ್ಸ್ ಹಾಳೆಯಲ್ಲಿ ಶಾಯಿ ಅಂಚಿಗೆ ಹರಡಿ ಗೆರೆ ಮಸುಕಾಗುತ್ತದೆ. ಅಭ್ಯಾಸಕ್ಕೆ ಸಾಕು, ಕೊನೆಯ ಪ್ರತಿಗೆ ಬೇಡ.

ಇಂಗ್ಲಿಷ್ ಕ್ಯಾಲಿಗ್ರಫಿಯ ಗೆರೆಹಾಳೆಯನ್ನು ಕನ್ನಡಕ್ಕೆ ಬಳಸಬೇಡಿ. ನಮ್ಮ ಅಕ್ಷರಕ್ಕೆ ಮೇಲೆ ಗುಡಿಸು, ಏತ್ವಕ್ಕೆ ಜಾಗ ಬೇಕು, ಕೆಳಗೆ ಒತ್ತಕ್ಷರಕ್ಕೆ ಇನ್ನೂ ಹೆಚ್ಚು ಬೇಕು. ಅಕ್ಷರದ ಮೈಗೆ ಐದು ಮೊನೆಯಗಲ, ಮೇಲೆ ಎರಡು, ಕೆಳಗೆ ನಾಲ್ಕು ಎಂದಿಟ್ಟುಕೊಳ್ಳಿ. 3 ಮಿ.ಮೀ. ಮೊನೆಗೆ ಅದು 15, 6 ಮತ್ತು 12. ಅಂದರೆ ಸಾಲಿಗೆ 33 ಮಿ.ಮೀ. ಇದನ್ನು ಅಳೆಯದೆ ಬರೆದಾಗ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ಡಿಕ್ಕಿ ಹೊಡೆಯುತ್ತದೆ. ಕನ್ನಡ ವಚನಫಲಕಗಳಲ್ಲಿ ಅತಿ ಹೆಚ್ಚು ಕಾಣುವ ದೋಷ ಇದೇ. ಪೆನ್ನನ್ನು ಸುಮಾರು 30ರಿಂದ 40 ಡಿಗ್ರಿ ಓರೆಯಲ್ಲಿ ಹಿಡಿದು, ಕೊನೆಯವರೆಗೂ ಅದೇ ಓರೆ ಇಟ್ಟುಕೊಳ್ಳಿ. ಸುತ್ತು ಬರುವಾಗ ಮಣಿಕಟ್ಟು ತಿರುಗಿದರೆ ದಪ್ಪ-ಸಣ್ಣದ ಲಯ ಕೆಡುತ್ತದೆ.

ಮೊದಲ ವಚನವಾಗಿ 23ನೇ ಕೀರ್ತನೆಯ ಆರಂಭ: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಇದರಲ್ಲಿ ಒಂದೂ ಒತ್ತಕ್ಷರವಿಲ್ಲ, ಗಮನಿಸಿ. ಕೆಳಗಿನ ಜಾಗವನ್ನು ನಾಲ್ಕರ ಬದಲು ಎರಡು ಮೊನೆಯಗಲಕ್ಕೆ ಇಳಿಸಿ, ಸಾಲಿಗೆ 27 ಮಿ.ಮೀ. ಇಡಬಹುದು. ಎ4 ಹಾಳೆ ಅಡ್ಡವಾಗಿರಲಿ. ಎಡ, ಬಲ, ಮೇಲೆ 30 ಮಿ.ಮೀ., ಕೆಳಗೆ 40 ಮಿ.ಮೀ. ಖಾಲಿ ಬಿಡಿ. ‘ಯೆಹೋವನು ನನಗೆ’ ಒಂದು ಸಾಲು, ‘ಕುರುಬನು’ ಒಂದು, ‘ಕೊರತೆಪಡೆನು’ ಒಂದು. ‘ಯೆ’, ‘ಹೋ’ ಹೆಚ್ಚು ಅಗಲ ತಿನ್ನುತ್ತವೆ, ಆದ್ದರಿಂದ ಮೊದಲ ಸಾಲನ್ನು ಬೇರೆ ಹಾಳೆಯಲ್ಲಿ ಬರೆದು ಅದರ ಉದ್ದ ಅಳೆದು, ಅರ್ಧಕ್ಕೆ ಗುರುತು ಮಾಡಿ ನಡುಗೆರೆಗೆ ಹೊಂದಿಸಿ. ಉದ್ದ ವಚನದ ಆಸೆ ಬೇಡ. ನಾಲ್ಕು ಸಾಲು ಮೀರಿದರೆ ಅಕ್ಷರ ಸಣ್ಣದಾಗಬೇಕಾಗುತ್ತದೆ, ಸಣ್ಣಕ್ಷರ ಹೊಸಬರ ಕೈಗೆ ನಿಲ್ಲದು.

ಬೈಬಲಿನ ಅಂಚಿನಲ್ಲೇ ಬರೆಯುವವರಿಗೆ: ಆ ಕಾಗದ ಬಹಳ ತೆಳು. ಮಾರ್ಕರ್, ನೀರಿನ ಬಣ್ಣ ಎರಡೂ ಹಿಂಬದಿಗೆ ಇಳಿಯುತ್ತವೆ. ಬಣ್ಣದ ಪೆನ್ಸಿಲ್, 0.1ರಿಂದ 0.3 ಮಿ.ಮೀ. ಪಿಗ್ಮೆಂಟ್ ಶಾಯಿಯ ಪೆನ್ನು ಸರಿ. ಪುಟದಡಿ ಒಂದು ದಪ್ಪ ಕಾರ್ಡ್ ಇಡಿ, ಇಲ್ಲವಾದರೆ ಮುಂದಿನ ನಾಲ್ಕು ಪುಟಕ್ಕೆ ಅಚ್ಚು ಬೀಳುತ್ತದೆ. ಮೊದಲು ಕೊನೆಯ ಖಾಲಿ ಪುಟದಲ್ಲಿ ಒಂದು ಚುಕ್ಕೆ ಇಟ್ಟು ಪರೀಕ್ಷಿಸಿ.

ಮೊದಲ ಹತ್ತು ಹಾಳೆಗಳನ್ನು ಯಾರಿಗೂ ತೋರಿಸಬೇಡಿ ಎಂಬುದು ನನ್ನ ಸಲಹೆ. ಹೊಗಳಿಕೆ ಬಂದರೆ ಅಲ್ಲೇ ನಿಲ್ಲುತ್ತೀರಿ, ಬಾರದಿದ್ದರೂ ಅಲ್ಲೇ ನಿಲ್ಲುತ್ತೀರಿ.

ಹೆಣಿಗೆಯವರು

ಮೇಲಿನವರ ಕೊನೆಯ ಮಾತಿಗೆ ನನ್ನ ಒಪ್ಪಿಗೆಯಿಲ್ಲ, ಕನಿಷ್ಠ ಕೈಕೆಲಸದ ಮಟ್ಟಿಗೆ. ಅಪೊಸ್ತಲರ ಕೃತ್ಯಗಳು 9ರಲ್ಲಿ ದೊರ್ಕಳು ತೀರಿಕೊಂಡಾಗ ವಿಧವೆಯರು ಪೇತ್ರನ ಮುಂದೆ ಅಳುತ್ತಾ ಹಿಡಿದದ್ದು ಅವಳು ಮಾಡಿಕೊಟ್ಟ ಅಂಗಿಗಳನ್ನು. ಒಬ್ಬರ ಮೈಗೆ ಬರಲಿ ಎಂದು ಮಾಡಿದ್ದು ಬೇಗ ಮುಗಿಯುತ್ತದೆ, ಏಕೆಂದರೆ ಆ ಕಡೆ ಒಬ್ಬರು ಕಾಯುತ್ತಿರುತ್ತಾರೆ. ‘ಶುರು ಮಾಡಿದ್ದು ಮುಗಿಯುವುದಿಲ್ಲ’ ಎಂಬುದಕ್ಕೆ ನನಗೆ ಗೊತ್ತಿರುವ ಔಷಧ ಅದೇ.

1998ರಲ್ಲಿ ಅಮೆರಿಕದಲ್ಲಿ ಇಬ್ಬರು ಮಹಿಳೆಯರು ಆರಂಭಿಸಿದ ಪ್ರಾರ್ಥನೆಯ ಶಾಲಿನ ಪದ್ಧತಿ ಈಗ ಅನೇಕ ಸಭೆಗಳಲ್ಲಿದೆ: ರೋಗದಲ್ಲೋ ದುಃಖದಲ್ಲೋ ಇರುವವರಿಗಾಗಿ ಪ್ರಾರ್ಥಿಸುತ್ತಾ ಹೆಣೆದು, ಮುಗಿದ ಮೇಲೆ ಅವರಿಗೇ ಕೊಡುವುದು. 8 ಮಿ.ಮೀ. ಕಡ್ಡಿ, ದಪ್ಪ ನೂಲು, 63 ಕುಣಿಕೆ. ಮೂರು ನಿಟ್ (ಸೀದಾ ಹೆಣಿಗೆ), ಮೂರು ಪರ್ಲ್ (ಉಲ್ಟಾ ಹೆಣಿಗೆ) ಎಂದು ಹೋಗಿ ಮೂರು ನಿಟ್‌ಗೆ ಸಾಲು ಮುಗಿಸಿ. ಎಲ್ಲ ಸಾಲೂ ಹೀಗೆಯೇ. 63 ಎಂಬುದು 21 ಮೂರುಗಳಾದ್ದರಿಂದ ಪ್ರತಿ ಸಾಲಿನಲ್ಲೂ ಉಬ್ಬು-ತಗ್ಗು ಅದಲುಬದಲಾಗಿ ಬಟ್ಟೆ ಸಮತಟ್ಟಾಗಿ ನಿಲ್ಲುತ್ತದೆ, ಅಂಚು ಸುರುಳಿ ಸುತ್ತುವುದಿಲ್ಲ. ಸುಮಾರು 150 ಸೆಂ.ಮೀ. ಉದ್ದ ಬಂದರೆ ಭುಜಕ್ಕೆ ಸಾಕು. ಮೂರರ ಎಣಿಕೆಗೆ ತ್ರಯೇಕ ದೇವರ ನೆನಪನ್ನು ಹೊಂದಿಸಿಕೊಂಡು ಕೈಯ ಲಯದಲ್ಲೇ ಪ್ರಾರ್ಥಿಸುವವರು ಬಹಳ ಜನ. ಕುಣಿಕೆ ಬಿಗಿಯಾಗುತ್ತಿದ್ದರೆ ಚಿಂತೆಯಲ್ಲಿದ್ದೀರಿ ಎಂದರ್ಥ. ಕಡ್ಡಿಯ ಮೊನೆಯಲ್ಲಿ ಹೆಣೆಯದೆ ದಪ್ಪ ಭಾಗಕ್ಕೆ ಸರಿಸಿ ಹೆಣೆಯಿರಿ. ರೋಗಿಗೆ ಕೊಡುವಾಗ ತೊಳೆಯಲು ಸುಲಭವಾದ ನೂಲೇ ಇರಲಿ. ಚುಚ್ಚುವ ಉಣ್ಣೆ ಬೇಡ.

ಗಾಯನ ತಂಡದವರು

ಪದ್ಯ ಬರೆಯುವವರು ಮುಂದೆ ಹಾಡಿಗೆ ಬಂದೇ ಬರುತ್ತೀರಿ, ಆಗ ಒಂದು ಎಚ್ಚರಿಕೆ. ಹಳೆಯ ಪಾಶ್ಚಾತ್ಯ ಕೀರ್ತನಾರಾಗಗಳಲ್ಲಿ 8.6.8.6 ಅಳತೆಯವು (ನಾಲ್ಕು ಸಾಲಿಗೆ ಕ್ರಮವಾಗಿ 8, 6, 8, 6 ಅಕ್ಷರ) ಹೆಚ್ಚಾಗಿ ಬಡಿತಕ್ಕೆ ಮುಂಚಿನ ಮೆಲುಸ್ವರದಿಂದ ಶುರುವಾಗುತ್ತವೆ. ಕನ್ನಡದಲ್ಲಿ ಪದದ ಮೊದಲಕ್ಷರಕ್ಕೇ ಒತ್ತು. ‘ದೇವರೇ’ ಎಂದು ಆರಂಭಿಸಿದರೆ ‘ದೇ’ ಮೆಲುಸ್ವರಕ್ಕೆ ಬಿದ್ದು, ‘ವ’ ಮೇಲೆ ಬಡಿತ ಬರುತ್ತದೆ. ಸಭೆ ಹಾಡುವಾಗ ಪದ ಒಡೆದಂತೆ ಕೇಳಿಸುತ್ತದೆ. ಅಂಥ ರಾಗಕ್ಕೆ ‘ಓ’, ‘ನೀ’, ‘ಬಾ’ ಎಂಬ ಒಂದಕ್ಷರದಿಂದ ಸಾಲು ತೆಗೆಯಿರಿ. ಅಥವಾ ಬಡಿತದಿಂದಲೇ ಶುರುವಾಗುವ ರಾಗ ಆರಿಸಿ, 8.7.8.7 ಅಳತೆಯಲ್ಲಿ ಅಂಥವು ಹಲವಿವೆ. ಇನ್ನೊಂದು: ಗುರು ಅಕ್ಷರ ಓಡುವ ಸ್ವರಕ್ಕೂ ಲಘು ಅಕ್ಷರ ಎಳೆಯುವ ಸ್ವರಕ್ಕೂ ಬಿದ್ದರೆ ಎಳೆದಾಟ ಶುರುವಾಗುತ್ತದೆ. ಬರೆಯುವ ಮುನ್ನ ರಾಗವನ್ನು ‘ಲಾ’ ಎಂದು ಹಾಡಿ, ಉದ್ದ ಸ್ವರಕ್ಕೆ ಗೆರೆ, ಗಿಡ್ಡ ಸ್ವರಕ್ಕೆ ಚುಕ್ಕೆ ಹಾಕಿಕೊಂಡು ಆಮೇಲೆ ಪದ ತುಂಬಿ.

ರಾಗವೇ ಬೇಡವೆಂದರೆ 136ನೇ ಕೀರ್ತನೆಯ ಮಾದರಿ ಇದೆ: 26 ವಚನ, ಪ್ರತಿಯೊಂದರ ಉತ್ತರಾರ್ಧವೂ ಒಂದೇ ಪಲ್ಲವಿ. ಸೃಷ್ಟಿಯ ನೆನಪಿಗೆ ನಾಲ್ಕು ಸಾಲು, ನಿಮ್ಮ ಕುಟುಂಬದಲ್ಲಿ ದೇವರು ನಡೆಸಿದ್ದಕ್ಕೆ ಆರು, ಈ ವಾರದ ಊಟ-ಉಸಿರಿಗೆ ಎರಡು. 12 ಸಾಲನ್ನು ಒಬ್ಬರು ಓದಿ, ಪಲ್ಲವಿಯನ್ನು ಮನೆಯವರೆಲ್ಲ ಹೇಳಬಹುದು. ಓದಲು ಬಾರದ ಚಿಕ್ಕ ಮಕ್ಕಳಿಗೂ ಪಾಲು ಸಿಗುತ್ತದೆ.

ಮಕ್ಕಳಿಗೆ ಕಥೆ ಹೇಳುವವರು

ಮನೆಯಲ್ಲಿ ಮಕ್ಕಳಿದ್ದಾರೆ ಎಂದಿದ್ದೀರಿ. ಹಾಗಾದರೆ ರಾತ್ರಿಯ ಐದು ನಿಮಿಷದ ಬೈಬಲ್ ಕಥೆಯೂ ಸೃಜನಶೀಲ ಕೆಲಸವೇ. ಇಡೀ ಅಧ್ಯಾಯ ಬೇಡ, ಒಂದೇ ದೃಶ್ಯ ಸಾಕು. ಮಾರ್ಕ 4ರ ಬಿರುಗಾಳಿಯನ್ನೇ ತೆಗೆದುಕೊಳ್ಳಿ. ಸಂಜೆಯಾಗಿತ್ತು, ಬೇರೆ ದೋಣಿಗಳೂ ಜೊತೆಯಲ್ಲಿದ್ದವು, ಯೇಸು ಹಿಂಭಾಗದಲ್ಲಿ ತಲೆದಿಂಬಿನ ಮೇಲೆ ಮಲಗಿದ್ದ. ಈ ಮೂರು ವಿವರವೂ ವಚನದಲ್ಲೇ ಇವೆ, ನಾವು ಓದುವಾಗ ದಾಟಿಬಿಡುತ್ತೇವೆ. ಇಲ್ಲದ್ದನ್ನು ಸೇರಿಸುವುದಕ್ಕಿಂತ ಇರುವುದನ್ನು ನೋಡುವುದೇ ಇಲ್ಲಿನ ಕಲ್ಪನೆ. ‘ಆ ಬೇರೆ ದೋಣಿಯವರಿಗೆ ಏನನ್ನಿಸಿರಬಹುದು?’ ಎಂದು ಕೇಳಿ ಬಿಟ್ಟುಬಿಡಿ. ನೀತಿ ಹೇಳಿ ಮುಗಿಸಬೇಡಿ. ಲೂಕ 15ರ ಕಥೆಯಲ್ಲಿ ಹಿರಿಯ ಮಗ ಕೊನೆಗೆ ಮನೆಯೊಳಗೆ ಹೋದನೋ ಇಲ್ಲವೋ ಎಂಬುದನ್ನು ಯೇಸು ಹೇಳಲೇ ಇಲ್ಲ.

ಕೇಳಿದವರು

ಇಷ್ಟೊಂದು ವಿವರಕ್ಕೆ ಎಲ್ಲರಿಗೂ ಧನ್ಯವಾದ. ಅಕ್ಷರಬರಹದಿಂದ ಶುರು ಮಾಡುತ್ತೇನೆ. ಇನ್ನೆರಡು ಸಂದೇಹ: ಮಾಡಿದ್ದು ಚೆನ್ನಾಗಿಲ್ಲ ಅನಿಸಿದಾಗ ಏನು ಮಾಡುವುದು? ಸಭೆಯಲ್ಲಿ ಆಸಕ್ತಿಯಿರುವ ನಾಲ್ಕೈದು ಜನರಿದ್ದಾರೆ, ಜೊತೆಗೂಡಿ ಮಾಡಬಹುದೇ?

ಅಕ್ಷರಬರಹ ಕಲಿಸುವವರು

ಹರಿಯಬೇಡಿ, ತಿದ್ದಲೂಬೇಡಿ. ಹಿಂಬದಿಯಲ್ಲಿ ತಾರೀಕು ಹಾಕಿ, ಯಾವುದು ಕೆಟ್ಟಿದೆ ಎಂದು ಒಂದೇ ಒಂದು ಅಂಶ ಬರೆಯಿರಿ: ‘ಎರಡನೇ ಸಾಲಿನಲ್ಲಿ ಓರೆ ಬದಲಾಗಿದೆ’. ‘ಚೆನ್ನಾಗಿಲ್ಲ’ ಎಂದು ಬರೆದರೆ ಮುಂದಿನ ಹಾಳೆಗೆ ಉಪಯೋಗವಿಲ್ಲ. ಮುಂದಿನದರಲ್ಲಿ ಆ ಒಂದನ್ನು ಮಾತ್ರ ಸರಿಪಡಿಸಿ, ಉಳಿದದ್ದು ಹೇಗೋ ಇರಲಿ. ಒಂದೇ ಸಲ ಐದು ದೋಷ ತಿದ್ದಲು ಹೊರಟರೆ ಕೈ ಬಿಗಿಯುತ್ತದೆ. ಮೂರು ತಿಂಗಳಿಗೊಮ್ಮೆ ಎಲ್ಲವನ್ನೂ ನೆಲದ ಮೇಲೆ ಸಾಲಾಗಿ ಹರಡಿ ನೋಡಿ.

ಬೈಬಲ್ ಅಧ್ಯಯನ ನಡೆಸುವವರು

ಚೆನ್ನಾಗಿ ಬಂದಾಗಲೂ ಒಂದು ಅಪಾಯವಿದೆ, ಅದನ್ನೂ ಹೇಳಿಬಿಡುತ್ತೇನೆ. ಅರಣ್ಯದಲ್ಲಿ ಮೋಶೆ ದೇವರ ಮಾತಿನಂತೆಯೇ ಮಾಡಿದ ತಾಮ್ರದ ಸರ್ಪಕ್ಕೆ ಮುಂದೆ ಜನ ಧೂಪ ಹಾಕತೊಡಗಿದರು. ಅರಸನಾದ ಹಿಜ್ಕೀಯ ಅದನ್ನು ಒಡೆದುಹಾಕಬೇಕಾಯಿತು (2 ಅರಸುಗಳು 18:4). ಬಹಳ ಹಚ್ಚಿಕೊಂಡ ಕೃತಿಯನ್ನು ಯಾರಿಗಾದರೂ ಕೊಟ್ಟುಬಿಡುವುದು ಮನಸ್ಸಿಗೆ ಒಳ್ಳೆಯದು. ಕೊಡಲು ಕೈ ಬಾರದಿದ್ದರೆ ಯಾಕೆಂದು ಪ್ರಾರ್ಥನೆಯಲ್ಲಿ ಕೇಳಿಕೊಳ್ಳಿ.

ಸಮಯದ ಬಗ್ಗೆ ಬರೆದವರು

ಗುಂಪು ಖಂಡಿತ ಮಾಡಿ, ಆರು ಜನ ಮೀರದಿರಲಿ. ತಿಂಗಳಿಗೊಮ್ಮೆ ಒಂದೂವರೆ ಗಂಟೆ. ಮೊದಲ ಹತ್ತು ನಿಮಿಷ ಒಂದು ಕೀರ್ತನೆ, ಪ್ರಾರ್ಥನೆ, ನಂತರ 40 ನಿಮಿಷ ಮಾತಿಲ್ಲದೆ ಎಲ್ಲರೂ ತಮ್ಮ ತಮ್ಮ ಕೆಲಸ, ಉಳಿದದ್ದು ತೋರಿಸಿಕೊಳ್ಳಲು. ನಡುವಿನ 40 ನಿಮಿಷ ಇಲ್ಲದಿದ್ದರೆ ಗುಂಪು ಎರಡೇ ತಿಂಗಳಲ್ಲಿ ಹರಟೆಯಾಗುತ್ತದೆ. ತೋರಿಸುವಾಗ ಒಬ್ಬರಿಗೆ ಐದಾರು ನಿಮಿಷ. ನೋಡುವವರು ಮೊದಲು ಕಂಡದ್ದನ್ನು ಹೇಳಬೇಕು, ಆಮೇಲೆ ಅರ್ಥವಾಗದ್ದನ್ನು. ತಿದ್ದುವ ಸಲಹೆ ಕೇಳಿದರೆ ಮಾತ್ರ. ‘ತುಂಬಾ ಚೆನ್ನಾಗಿದೆ ಸಿಸ್ಟರ್’ ಎಂದಷ್ಟೇ ಹೇಳುವುದನ್ನು ಮೊದಲ ದಿನವೇ ಬೇಡವೆಂದುಬಿಡಿ. ‘ಎರಡನೇ ಸಾಲಿನಲ್ಲಿ ಕಣ್ಣು ನಿಂತಿತು’ ಎಂದು ಹೇಳಲು ಎಲ್ಲರಿಗೂ ಸ್ವಲ್ಪ ಅಭ್ಯಾಸ ಬೇಕು. ಎರಡು ಮೂರು ಸಲ ಸೇರುವಷ್ಟರಲ್ಲಿ ಬರುತ್ತದೆ. ಸಭಾಪಾಲಕರಿಗೆ ಮೊದಲೇ ತಿಳಿಸಿ, ಆದರೆ ಆರಂಭದಲ್ಲೇ ಕ್ರಿಸ್ಮಸ್ ಅಲಂಕಾರದ ಜವಾಬ್ದಾರಿ ವಹಿಸಿಕೊಳ್ಳಬೇಡಿ. ಆರು ತಿಂಗಳು ಯಾವ ಕಾರ್ಯಕ್ರಮಕ್ಕೂ ಒಪ್ಪಿಕೊಳ್ಳದೆ ಕೂತುಬನ್ನಿ.